ಲಾರಿ ಕನ್ನಡಿಗೆ ಕಾಣದ ಜಾಗ

ಹೊರಡುವ ಮುಂಚೆ

ಲಂಡನ್ನಿಗೆ ನಾನು ಊರು ನೋಡಲು ಹೋದವಳಲ್ಲ. ತಂಗಿ ಮಂಜುಳಾ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಚೊಚ್ಚಲ ಹೆರಿಗೆ. ಅಮ್ಮ ಇಲ್ಲದ ಮನೆಯಲ್ಲಿ ಬಾಣಂತನ ಅಕ್ಕನ ಪಾಲಿಗೆ ಬರುವುದೇ ತಾನೆ? ಬೇಸಿಗೆ ರಜೆಗೆ ಇನ್ನಷ್ಟು ರಜೆ ಸೇರಿಸಿ ಬರೆದುಕೊಟ್ಟು, ಅಪ್ಪನನ್ನು ಯಜಮಾನರಿಗೆ ಒಪ್ಪಿಸಿ, ಬಜೆ, ಸಬ್ಬಸಿಗೆ ಬೀಜ, ಹುರಿಟ್ಟು ಕಟ್ಟಿಕೊಂಡು ಹೊರಟೆ. ನಾನು ಬಂಗಾರಪೇಟೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಅಪ್ಪ ನಮ್ಮ ಜೊತೆಯಲ್ಲೇ ಇದ್ದಾರೆ. ಅವರಿಗೆ ಬಲಗಾಲು ಮೊಣಕಾಲಿಂದ ಕೆಳಗೆ ಇಲ್ಲ.

ಆ ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮೂರು ಕ್ಯಾಸಂಬಳ್ಳಿ ಕಡೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ದಿನಾ ಬೆಳಿಗ್ಗೆ ಸೈಕಲ್ಲಿನ ಹ್ಯಾಂಡಲ್ಲಿಗೆ ಎರಡು ಚೀಲ ಬೀನ್ಸ್ ನೇತುಹಾಕಿ, ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು ಕೆಜಿಎಫ್‌ಗೆ ಹೋಗುತ್ತಿದ್ದರು. ನನ್ನನ್ನು ಸ್ಕೂಲಿಗೆ ಬಿಟ್ಟು ಅವರು ಮಾರ್ಕೆಟ್ಟಿಗೆ. ಒಂದು ದಿನ ರಾಬರ್ಟ್‌ಸನ್‌ಪೇಟೆಯ ಒಂದು ತಿರುವಿನಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದಿದ್ದರು. ಜಲ್ಲಿ ತುಂಬಿದ ಲಾರಿ ನಿಂತಿತ್ತು. ನಾವು ಅದರ ಎಡಗಡೆಯ ಸಂದಿಯಲ್ಲಿ ನುಸುಳಿ ಮುಂದಿನ ಗಾಲಿಯ ಪಕ್ಕ ನಿಂತೆವು. ಕೈ ಇಳಿಯಿತು. ಅಪ್ಪ ಪೆಡಲು ತುಳಿದರು, ಲಾರಿ ಎಡಕ್ಕೆ ತಿರುಗಿತು. ನಾನು ಚರಂಡಿ ಕಡೆ ಬಿದ್ದೆ, ಅಪ್ಪ ಗಾಲಿ ಕಡೆ.

ಕೇಸು ವಿಚಾರಣೆಗೆ ಬರುವ ಹೊತ್ತಿಗೆ ನಾನು ಡಿಗ್ರಿ ಓದುತ್ತಿದ್ದೆ. ಕಟಕಟೆಯಲ್ಲಿ ನಿಂತು ನಾನು ಹೇಳಿದ್ದು ಇಷ್ಟು: "ತಿರುಗಿಸುವಾಗ ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. ಅವನ ಮುಖ ನಾನು ಕಂಡೆ. ನೋಡಿಕೊಂಡೇ ಹತ್ತಿಸಿದ." ಬೂದಿಕೋಟೆ ಕಡೆಯ ಚೌಡಪ್ಪ ಎಂಬ ಆ ಡ್ರೈವರಿಗೆ ಜೈಲಾಯಿತು. ನಾನು ಮತ್ತೆ ಸೈಕಲ್ ಮುಟ್ಟಲಿಲ್ಲ. ಇದಾಗಿ ಹತ್ತಿರ ಹತ್ತಿರ ಇಪ್ಪತ್ತೈದು ವರ್ಷ.

ಮೊದಲ ವಾರ, ಮಾತಾಡುವ ಲಾರಿ

ಲಂಡನ್ನಿನಲ್ಲೂ ನಮ್ಮ ಹಾಗೆ ಎಡಗಡೆಯೇ ಹೋಗುತ್ತಾರೆ. ಹಾಗಾಗಿ ರಸ್ತೆ ದಾಟುವುದು ಸಲೀಸು ಅಂದುಕೊಂಡಿದ್ದೆ. ಮೂರನೆಯ ದಿನ ಮೂಲೆಯಲ್ಲಿ ನಿಂತಿದ್ದಾಗ ಹತ್ತಿರದಲ್ಲೇ ಒಬ್ಬ ಹೆಂಗಸು ಗಟ್ಟಿಯಾಗಿ, "ಎಚ್ಚರಿಕೆ, ಈ ವಾಹನ ಎಡಕ್ಕೆ ತಿರುಗುತ್ತಿದೆ" ಅಂದಳು. ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ. ಸುತ್ತ ತಿರುಗಿ ನೋಡಿದೆ, ಹೆಂಗಸೇ ಇಲ್ಲ. ಅವಳು ಅದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ಕೊನೆಗೆ ಗೊತ್ತಾಯಿತು, ಮಾತಾಡುತ್ತಿದ್ದದ್ದು ಲಾರಿ.

ನಾನು ಬರುವ ಮುಂಚೆಯೇ ಸಿಸೇರಿಯನ್ ಆಗಿ ಮಗು ಹುಟ್ಟಿತ್ತು. ಮನೆಗೆ ಬಂದು ಹೇಳಿದರೆ ಮಂಜುಳಾ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಗಿಸ್ಬೇಡ ಅಕ್ಕಾ, ನೋಯ್ತದೆ."

ನಮ್ಮಲ್ಲಿ ಲಾರಿಯ ಹಿಂದೆ ಹಾರನ್ ಮಾಡಿ ಎಂದು ಬರೆದಿರುತ್ತದೆ. ಬಾ, ಕೂಗು, ದಾರಿ ಬಿಡುತ್ತೇನೆ ಅನ್ನುವ ಹಾಗೆ. ಅಲ್ಲಿ ಹಾರನ್ ಎಂಬುದು ಬೈಗುಳಕ್ಕೆ ಸಮ, ಒಂದು ವಾರದಲ್ಲಿ ನಾಲ್ಕು ಸಲ ಕೇಳಿರಬಹುದು. ಲಾರಿಯ ಹಿಂದೆ ಸೈಕಲ್ಲಿನವರು ಎಡಗಡೆ ನುಗ್ಗಬೇಡಿ ಎಂದು ಚಿತ್ರ ಸಮೇತ ಅಂಟಿಸಿರುತ್ತಾರೆ. ಆದರೆ ಸಿಗ್ನಲ್ಲಿನಲ್ಲಿ ಲಾರಿ ನಿಲ್ಲುವ ಗೆರೆಗಿಂತ ಮುಂದೆ ರಸ್ತೆಯ ಮೇಲೆ ದೊಡ್ಡ ಚೌಕ ಬರೆದು ಒಳಗೆ ಸೈಕಲ್ ಚಿತ್ರ ಹಾಕಿರುತ್ತಾರೆ. ಸೈಕಲ್ಲಿನವರು ಅಲ್ಲಿ ಹೋಗಿ ನಿಲ್ಲಬೇಕಂತೆ, ಡ್ರೈವರಿಗೆ ಕಾಣಲಿ ಎಂದು. ಆ ಚೌಕಕ್ಕೆ ದಾರಿ ಎಲ್ಲಿಂದ? ಲಾರಿಯ ಎಡಗಡೆಯಿಂದ! ಲಾರಿಯ ಹಿಂಬದಿ ಬರಬೇಡ ಅನ್ನುತ್ತದೆ, ಮುಂದಿನ ಚೌಕ ಬಾ ಅನ್ನುತ್ತದೆ. ಮಂಜುಳೆಯನ್ನು ಕೇಳಿದೆ. "ನಂಗೂ ಅರ್ಥ ಆಗಿಲ್ಲ ಅಕ್ಕಾ. ಲಾರಿ ಮೊದ್ಲೇ ನಿಂತಿದ್ರೆ ನಾನು ಅದರ ಇಂದೇನೇ ನಿಂತ್ಕೋತೀನಿ" ಅಂದಳು. ಹೆರಿಗೆಗೆ ಮುಂಚೆ ಅವಳು ಆಸ್ಪತ್ರೆಗೆ ಹೋಗುತ್ತಿದ್ದದ್ದು ಸೈಕಲ್ಲಿನಲ್ಲೇ. ಈ ಸಂಗತಿಯನ್ನು ಅಪ್ಪನಿಗೂ ನನಗೂ ಆರು ವರ್ಷದಿಂದ ಹೇಳಿರಲಿಲ್ಲ.

ಬಿಳಿ ಸೈಕಲ್ಲಿನ ಮೂಲೆ

ಮಗುವಿಗೆ ಹದಿನೈದು ದಿನವಾದ ಮೇಲೆ ಸಂಜೆ ಸ್ವಲ್ಪ ಹೊತ್ತು ತಿರುಗಾಡಲು ಹೋಗುತ್ತಿದ್ದೆ. ಒಂದು ಮೂಲೆಯಲ್ಲಿ ಕಂಬಕ್ಕೆ ಸರಪಳಿ ಹಾಕಿ ಒಂದು ಸೈಕಲ್ ಕಟ್ಟಿದ್ದರು. ಸೀಟು, ಚೈನು, ಟೈರು ಎಲ್ಲಕ್ಕೂ ಸುಣ್ಣ ಬಳಿದ ಹಾಗೆ ಬಿಳಿ ಬಣ್ಣ. ಹ್ಯಾಂಡಲ್ಲಿಗೆ ಹೂವು ಸಿಕ್ಕಿಸಿದ್ದರು. ಸೈಕಲ್ ಅಂಗಡಿಯ ಜಾಹೀರಾತು ಇರಬೇಕು ಅಂದುಕೊಂಡು ಅಂಗಡಿ ಎಲ್ಲಿದೆ ಎಂದು ನಾಯಿ ಹಿಡಿದುಕೊಂಡು ಬಂದ ಒಬ್ಬ ಮುದುಕಿಯನ್ನು ಕೇಳಿದೆ.

ಆಕೆ ನಿಂತಳು. "ಇಲ್ಲಿ ಒಬ್ಬ ಹುಡುಗಿ ತೀರಿಕೊಂಡಳು. ಲಾರಿ ಎಡಕ್ಕೆ ತಿರುಗಿತು."

ಅಯ್ಯೋ ಅನ್ನಿಸಿ ತಲೆ ತಗ್ಗಿಸಿದೆ. ಅಭ್ಯಾಸ ಬಲ, ಕೈ ತಾನಾಗಿಯೇ ಸೈಕಲ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ಮುದುಕಿಯ ನಾಯಿ ನನ್ನ ಚಪ್ಪಲಿ ಮೂಸಿತು. ನಮ್ಮ ಕಡೆ ಹೀಗೆ ಸತ್ತ ಜಾಗವನ್ನು ಮರೆಯಲು ನೋಡುತ್ತಾರೆ, ಹೆಚ್ಚೆಂದರೆ ನಿಂಬೆಹಣ್ಣು ಕುಯ್ದು ಹಾಕುತ್ತಾರೆ. ಇಲ್ಲಿ ದಿನಾ ಕಣ್ಣಿಗೆ ಬೀಳಲಿ ಎಂದು ಕಟ್ಟಿಟ್ಟಿದ್ದಾರೆ. ಯಾವುದು ಸರಿಯೋ ತಿಳಿಯಲಿಲ್ಲ. "ಡ್ರೈವರಿಗೆ ಏನಾಯಿತು?" ಎಂದು ಕೇಳಿದೆ. "ಅವನು ನೋಡಲೇ ಇಲ್ಲವಂತೆ, ಪಾಪ" ಅಂದಳು ಆಕೆ. ಆ 'ಪಾಪ' ನನಗೆ ಸರಿ ಬರಲಿಲ್ಲ. ನೋಡಲಿಲ್ಲ ಅನ್ನುವುದು ಎಲ್ಲ ಡ್ರೈವರುಗಳೂ ಹೇಳುವ ಮಾತು ಅಂದುಕೊಂಡು ಮನೆಗೆ ಬಂದೆ.

ಫುಟ್‌ಪಾತಿನಲ್ಲಿ ಸಿಕ್ಕಿಬಿದ್ದದ್ದು

ಸಬ್ಬಸಿಗೆ ಸೊಪ್ಪು ಸಿಗುವ ತಮಿಳರ ಅಂಗಡಿ ದೂರ. ಆವತ್ತು ಬಸ್ಸಿನ ದಾರಿ ಬದಲಾಗಿತ್ತು. ಮಂಜುಳೆಯ ಗಂಡ ಡ್ಯೂಟಿಗೆ ಹೋಗಿದ್ದ. ಬಾಗಿಲ ಹತ್ತಿರ ಅವಳ ಕೆಂಪು ಸೈಕಲ್ ನಿಂತಿತ್ತು. ಇಲ್ಲಿ ನನ್ನನ್ನು ಗುರುತು ಹಿಡಿಯುವವರು ಯಾರು? ಬಿದ್ದರೂ ನಗುವವರಿಲ್ಲ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ಹತ್ತಿದೆ. ಸೈಕಲ್ ಮರೆಯುವುದಿಲ್ಲ ಅನ್ನುತ್ತಾರಲ್ಲ, ಮರೆತಿರಲಿಲ್ಲ. ಆದರೆ ಹಿಂದೆ ಒಂದು ಲಾರಿ ಕಂಡದ್ದೇ ಸೈಕಲ್ ಸಮೇತ ಫುಟ್‌ಪಾತಿಗೆ ಹತ್ತಿಬಿಟ್ಟೆ. ಅಗಲವಾದ, ಯಾರೂ ಇಲ್ಲದ ಫುಟ್‌ಪಾತು. ಅಂಗಡಿಯ ಸಾಮಾನಿಲ್ಲ, ನಿಲ್ಲಿಸಿದ ಬೈಕುಗಳಿಲ್ಲ. ದೇವರು ಕೊಟ್ಟ ದಾರಿ ಅಂದುಕೊಂಡು ಹೋಗುತ್ತಿದ್ದೆ.

ಹಳದಿ ಕೋಟಿನ ಪೊಲೀಸ್ ಹೆಣ್ಣುಮಗಳೊಬ್ಬಳು ಕೈ ತೋರಿಸಿ ನಿಲ್ಲಿಸಿದಳು. "ಮೇಡಂ, ನೀವು ಫುಟ್‌ಪಾತಿನ ಮೇಲೆ ಸೈಕಲ್ ಓಡಿಸುತ್ತಿದ್ದೀರಿ."

ಹೊಗಳುತ್ತಿದ್ದಾಳೆ ಅಂದುಕೊಂಡೆ. "ಯೆಸ್, ವೆರಿ ಸೇಫ್" ಅಂದೆ.

ಆಕೆ ತುಟಿ ಕಚ್ಚಿ ನಗು ತಡೆದಳು. ಇದು ತಪ್ಪು, ದಂಡವಿದೆ, ಇಲ್ಲದಿದ್ದರೆ ಅಲ್ಲಿ ನಿಂತಿರುವ ಲಾರಿ ಹತ್ತಿ ಎಂದಳು. ನನಗೆ ಕೇಳಿಸಿದ್ದು ಲಾರಿ ಹತ್ತಿ ಅನ್ನುವುದೊಂದೇ. ನಮ್ಮಲ್ಲಿ ಪೊಲೀಸಿನವರು ಗಾಡಿ ಹತ್ತು ಅಂದರೆ ಏನರ್ಥ? ಪಾಸ್‌ಪೋರ್ಟು, ಮಗು, ಮಂಜುಳಾ, ನನ್ನ ಸರ್ಕಾರಿ ಕೆಲಸ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಇಪ್ಪತ್ತು ವರ್ಷ ಪಾಠ ಹೇಳಿದ ಭಾಷೆ ಹಾರಿಹೋಗಿ ಊರಿನ ಬಾಯಿ ಬಂತು. "ಯವ್ವಾ, ಮನೇನಾಗೆ ಬಾಣಂತಿ ಅವ್ಳೆ, ಬುಟ್ಬುಡಮ್ಮ" ಅಂದೆ. ಆಕೆ ಬಹಳ ಗಮನವಿಟ್ಟು ಕೇಳಿ, ತಲೆಯಾಡಿಸಿ, ಮತ್ತೆ ಲಾರಿಯ ಕಡೆ ಕೈ ತೋರಿಸಿದಳು.

ಲಾರಿಯ ಹತ್ತಿರ ಏಳೆಂಟು ಜನ ಸಾಲಾಗಿ ನಿಂತಿದ್ದರು, ಎಲ್ಲರ ಕೈಯಲ್ಲೂ ಸೈಕಲ್. ಟೈ ಕಟ್ಟಿದವನೊಬ್ಬ ಜೋಕು ಹೇಳುತ್ತಿದ್ದ. ಹಿಡಿದುಕೊಂಡು ಹೋಗುವಾಗಲೂ ನಗುತ್ತಾರಲ್ಲ, ಎಂಥ ಮಾನಗೆಟ್ಟ ಜನ ಅಂದುಕೊಂಡೆ. ಟೈ ಕಟ್ಟಿದವನೇ ನಿಧಾನವಾಗಿ ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು. ಯಾರನ್ನೂ ಎಲ್ಲಿಗೂ ಕರೆದೊಯ್ಯುವುದಿಲ್ಲ. ಲಾರಿ ಅಲ್ಲೇ ನಿಂತಿರುತ್ತದೆ. ತಪ್ಪು ಮಾಡಿದ ಸೈಕಲ್ಲಿನವರು ಡ್ರೈವರ್ ಸೀಟಿನಲ್ಲಿ ಐದು ನಿಮಿಷ ಕೂರಬೇಕು, ಅವನಿಗೆ ಏನು ಕಾಣುತ್ತದೆ ಎಂದು ನೋಡಬೇಕು. ಅಷ್ಟೇ ಶಿಕ್ಷೆ.

ಸೀಟಿನ ಮೇಲೆ

ಮೂರು ಮೆಟ್ಟಿಲು ಹತ್ತಿ ಕೂತೆ. ಆ ಲಾರಿಯ ಡ್ರೈವರ್ ನರೆತ ಗಡ್ಡದವನು, ಕೈತುಂಬ ಹಚ್ಚೆ. ಪಕ್ಕದ ಸೀಟಿನಿಂದ ಕನ್ನಡಿಗಳನ್ನು ಒಂದೊಂದಾಗಿ ತೋರಿಸಿದ. ಆರು ಇದ್ದವು. ಕೆಳಗಿನಿಂದ ಪೊಲೀಸ್ ಹೆಣ್ಣುಮಗಳು ಕೂಗಿ ಕೇಳಿದಳು, "ನಿಮ್ಮ ಎಡಗಡೆ ಯಾರಿದ್ದಾರೆ?"

ನೋಡಿದೆ. ಕಸದ ಡಬ್ಬ, ಒಂದು ಕಂಬ, ಖಾಲಿ ರಸ್ತೆ. "ಯಾರೂ ಇಲ್ಲ" ಅಂದೆ.

ಟ್ರಿಣ್ ಟ್ರಿಣ್ ಎಂದು ಬೆಲ್ ಕೇಳಿಸಿತು. ಯಾರೂ ಇಲ್ಲದ ಜಾಗದಿಂದ.

ಎದ್ದು ಎಡಗಡೆಯ ಕಿಟಕಿಗೆ ಬಾಗಿ ಇಣುಕಿದೆ. ಮುಂದಿನ ಗಾಲಿಯ ಪಕ್ಕದಲ್ಲೇ ಪೊಲೀಸಿನವನೊಬ್ಬ ಸೈಕಲ್ ಹಿಡಿದು ನಿಂತು, ತಲೆಯೆತ್ತಿ ನನ್ನ ಕಡೆ ಕೈ ಬೀಸುತ್ತಿದ್ದ. ನಾನೂ ಅಪ್ಪನೂ ನಿಂತಿದ್ದ ಜಾಗ. ಅಷ್ಟೇ ಹತ್ತಿರ, ಅಷ್ಟೇ ಮುಂದೆ.

ಕೆಳಗಿಳಿದು, ಒಂದು ನಿಮಿಷ ನಾನು ಅಲ್ಲಿ ನಿಲ್ಲಬಹುದೇ ಎಂದು ಕೇಳಿದೆ. ಯಾರೂ ಹಾಗೆ ಕೇಳುವುದಿಲ್ಲವೇನೋ, ಆದರೂ ಬಿಟ್ಟರು. ಪೊಲೀಸಿನವನು ಸರಿದು ಜಾಗ ಕೊಟ್ಟ. ಗಾಲಿಯ ಪಕ್ಕ ನಿಂತು ತಲೆಯೆತ್ತಿ ಕನ್ನಡಿ ನೋಡಿದೆ. ಒಂದರಲ್ಲಿ ಆಕಾಶವಿತ್ತು. ಇನ್ನೊಂದರಲ್ಲಿ ಲಾರಿಯ ಬಾಗಿಲ ಬಣ್ಣ. ಗಡ್ಡದ ಡ್ರೈವರ್ ಈಗ ತನ್ನ ಸೀಟಿನಲ್ಲಿ ಕೂತಿದ್ದ, ಆದರೆ ಅವನ ಮುಖ ಎಲ್ಲೂ ಇಲ್ಲ. ಹಿಮ್ಮಡಿ ಎತ್ತಿದೆ, ಬಗ್ಗಿದೆ, ಕತ್ತು ವಾರೆ ಮಾಡಿದೆ.

"ಇಲ್ಲಿಂದ ಡ್ರೈವರ್ ಮುಖ ಕಾಣುವುದಿಲ್ಲವೇ?"

"ಇಲ್ಲ" ಅಂದಳು ಆಕೆ. "ನಿಮಗೆ ಅವನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುವುದಿಲ್ಲ. ಅದನ್ನೇ ಜನರಿಗೆ ಹೇಳುತ್ತಿರುವುದು."

"ಹಳೆಯ ಲಾರಿಗಳಲ್ಲಿ?"

ಡ್ರೈವರ್ ತನ್ನ ಸೀಟಿನಿಂದಲೇ ಕೂಗಿ ಹೇಳಿದ, "ಇನ್ನೂ ಕಷ್ಟ. ಇಷ್ಟು ಕನ್ನಡಿ ಎಲ್ಲಿತ್ತು ಆಗ?"

ಹಿಂದೆ ಹಿಂದೆ ನಡೆದೆ. ಲಾರಿಯ ಅರ್ಧಕ್ಕಿಂತ ಹಿಂದೆ ಬಂದ ಮೇಲೆ ಕನ್ನಡಿಯಲ್ಲಿ ತಟ್ಟನೆ ಅವನ ಮುಖ ಬಂತು. ನನ್ನನ್ನು ನೋಡಿ ಹುಬ್ಬು ಹಾರಿಸಿದ. ಮತ್ತೆ ಮುಂದೆ ನಡೆದೆ, ಹೋಯಿತು.

"ನೀವು ಹುಷಾರಾಗಿದ್ದೀರಾ?" ಎಂದು ಆಕೆ ಕೇಳಿದಳು. ನಾನು ಇಂಗ್ಲಿಷಿನಲ್ಲಿ "ಐ ಸಾ" ಅಂದೆ. "ಏನು ನೋಡಿದಿರಿ?" ಅಂದಳು. ಸೊಪ್ಪು ತರುವುದು ಮರೆತು, ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ತಳ್ಳಿಕೊಂಡು ಹೋಗುವಾಗ ಫುಟ್‌ಪಾತಿನ ಮೇಲೆ ಹೋಗಬಹುದೋ ಬಾರದೋ ಅದೂ ಗೊತ್ತಾಗದೆ, ಸ್ವಲ್ಪ ದೂರ ಮೇಲೆ, ಸ್ವಲ್ಪ ದೂರ ಕೆಳಗೆ.

ಮಂಜುಳೆಯ ಅಡಿಗೆಮನೆ

ಮಗು ಮಲಗಿತ್ತು. ನಡೆದದ್ದೆಲ್ಲ ಹೇಳಿದೆ. ಮಂಜುಳಾ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು. ಅಪಘಾತವಾದಾಗ ಅವಳಿಗೆ ಒಂಬತ್ತು ವರ್ಷ, ಮನೆಯಲ್ಲಿದ್ದಳು.

"ಅಕ್ಕಾ, ಒಂದು ಮಾತು ಯೋಳ್ಲಾ? ಬೇಜಾರು ಮಾಡ್ಕೋಬೇಡ."

"ಹೇಳು."

"ಆವತ್ತು ಸಾಯಂಕಾಲ ನಿನ್ನ ಆಸ್ಪತ್ರೆಯಿಂದ ಕರ್ಕೊಂಡು ಬಂದ್ರಲ್ಲ, ಆಗ ನೀನು ಟೈರು ಟೈರು ಅಂತ್ಲೇ ಅಂತಿದ್ದೆ. ಅದು ಬಿಟ್ಟು ಬೇರೆ ಮಾತಿರ್ಲಿಲ್ಲ. ಮುಖ ಆಮೇಲೆ ಬಂತು."

"ಯಾವಾಗ?"

"ಗೊತ್ತಿಲ್ಲ. ಬಂದೋರೆಲ್ಲಾ ಕೇಳೋರು. ಡ್ರೈವರ್ ನೋಡ್ಲಿಲ್ವಾ, ಕನ್ನಡಿ ಇರ್ಲಿಲ್ವಾ ಅಂತ. ಒಂದಿನ ನೀನು ನೋಡ್ದ ಅಂದೆ. ಅಮ್ಮ ಅತ್ಕೊಂಡು ನಿನ್ನ ತಬ್ಕೊಂಡ್ಳು. ಆಮೇಲೆ ದಿನಾ ಅಂಗೇ ಅಂತಿದ್ದೆ."

ನನಗೆ ಸಿಟ್ಟು ಬಂತು. ನಾನು ಸುಳ್ಳಿಯಾ? ಕಣ್ಣು ಮುಚ್ಚಿದರೆ ಈಗಲೂ ಆ ಮುಖ ಬರುತ್ತದೆ. ದಪ್ಪ ಮೀಸೆ, ಕತ್ತಿಗೆ ಸುತ್ತಿದ ಟವೆಲ್, ನೇರ ನನ್ನ ಕಡೆ ನೋಟ. ಆದರೆ ಚೌಡಪ್ಪನನ್ನು ಆಮೇಲೆ ಕೋರ್ಟಿನಲ್ಲಿ ಎಷ್ಟು ಸಲ ನೋಡಿಲ್ಲ? ಆ ಮುಖ ಕನ್ನಡಿಯದೋ ಕೋರ್ಟಿನದೋ? ಮಿಕ್ಕ ದಿನಗಳಲ್ಲಿ ಮಗುವಿಗೆ ಎಣ್ಣೆ ಹಚ್ಚುವಾಗ, ನೀರು ಹಾಕುವಾಗ ಇದೇ ಯೋಚನೆ.

ಮತ್ತೆ ಬಂಗಾರಪೇಟೆ

ಮನೆಗೆ ಬಂದ ಎರಡನೆಯ ದಿನ ಅಪ್ಪನ ಮುಂದೆ ಕೂತು ಹೇಳಿದೆ. ಅವರು ಕೃತಕ ಕಾಲು ಬಿಚ್ಚಿಟ್ಟು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ನಂಗೇನು ಗೊತ್ತಮ್ಮ? ನಾನು ಪೊಲೀಸಪ್ಪನ ಕೈ ನೋಡ್ತಿದ್ದೆ. ನೀನು ಕಂಡೆ ಅಂದೆ, ಕಂಡಿರ್ತೀಯ ಅಂದ್ಕೊಂಡೆ."

"ಅವನ ಮೇಲೆ ಸಿಟ್ಟಿರಲಿಲ್ಲವಾ?"

"ಇಲ್ದೆ ಇರ್ತದಾ? ಓಗಿದ್ದು ನನ್ ಕಾಲು." ಎಣ್ಣೆ ಬಟ್ಟಲಿಗೆ ಮುಚ್ಚಳ ಹಾಕಿದರು. "ಈಗ ಏನು ಮಾಡ್ತೀಯ?"

"ಅವನನ್ನ ನೋಡ್ಕೊಂಡು ಬರ್ತೀನಿ."

"ನೋಡಿ?"

"ಗೊತ್ತಿಲ್ಲ ಅಪ್ಪ."

ಅಪ್ಪ ಬೇಡ ಅನ್ನಲಿಲ್ಲ. "ಮಧ್ಯಾಹ್ನದ ಬಸ್ಸು ರಶ್ಶು, ಬೆಳಿಗ್ಗೇನೇ ಓಗು" ಅಂದರು.

ಬೂದಿಕೋಟೆ

ನಮ್ಮ ಸ್ಕೂಲಿನ ಗುಮಾಸ್ತರು ಬೂದಿಕೋಟೆಯವರು, ಅವರಿಂದ ಮನೆ ಗೊತ್ತಾಯಿತು. ಬಸ್ಸಿಳಿದು ಡೈರಿ ದಾಟಿ ಹೋದೆ. ಕೊಟ್ಟಿಗೆಯ ಮುಂದೆ ಒಬ್ಬರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಕಣ್ಣಿನಲ್ಲಿ ಉಳಿದಿದ್ದವನಿಗಿಂತ ಬಹಳ ಸಣ್ಣ ಆಳು.

"ಮುನಿವೆಂಕಟಪ್ಪನವರ ಮಗಳು" ಅಂದೆ.

ಹುಲ್ಲಿನ ಕಂತೆ ಕೈಯಲ್ಲೇ ಉಳಿಯಿತು. ಆಮೇಲೆ ಒಳಗಿಂದ ಸ್ಟೂಲು ತಂದು ಹಾಕಿ, ತಾವು ಜಗಲಿಯ ಅಂಚಿನಲ್ಲಿ ಕೂತರು. ಮಾತು ನಾನೇ ಎತ್ತಬೇಕಾಯಿತು. ಲಂಡನ್ನು, ಪೊಲೀಸು, ಲಾರಿ, ಆರು ಕನ್ನಡಿ ಎಲ್ಲ ಹೇಳಿದೆ. "ತಿರುಗಿಸುವಾಗ ನೀವು ನಮ್ಮನ್ನ ನೋಡ್ತಿದ್ರಿ ಅಂತ ಕೋರ್ಟಲ್ಲಿ ಹೇಳಿದ್ದೆ. ನಾವು ನಿಂತಿದ್ದ ಜಾಗದಿಂದ ನಿಮ್ಮ ಮುಖ ಕಾಣೋದೇ ಇಲ್ಲ. ನಾನು ಸುಳ್ಳು ಹೇಳಿದ್ದೀನಿ ಅಂತ ಕಾಣುತ್ತೆ."

ಚೌಡಪ್ಪ ಹಸುವಿನ ಕಡೆ ತಿರುಗಿದರು.

"ನೋಡ್ದೆ ಕಣಮ್ಮ" ಅಂದರು.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು.

"ಇಂದ್ಗಡೆಯಿಂದ ಬತ್ತಾ ಇದ್ರಿ. ಕನ್ನಡಿನಾಗೆ ಕಾಣುಸ್ತು. ನಿಮ್ಮಪ್ಪ, ಎಲ್ಡು ಚೀಲ, ಇಂದೆ ನೀನು. ನೀನೂ ನನ್ ಮುಖ ನೋಡ್ದೆ. ಆಮೇಲೆ ನೀವು ಮುಂದಕ್ ಬಂದು ಕನ್ನಡಿಯಿಂದ ಮಾಯ ಆದ್ರಿ. ಪೊಲೀಸಪ್ಪ ಯಾವಾಗ ಕೈ ಇಳಿಸ್ತಾನೋ ಅಂತ ಅದ್ನೇ ನೋಡ್ತಾ ಕೂತೆ. ನೋಡ್ತಾ ನೋಡ್ತಾ ನೀವು ಇದ್ದೀರಾ ಅನ್ನೋದೇ ಮರ್ತೋಯ್ತು."

"ಕೋರ್ಟಲ್ಲಿ ಯಾಕೆ ಹೇಳಲಿಲ್ಲ?"

"ಲಾಯರು ನೋಡ್ಲೇ ಇಲ್ಲ ಅನ್ನು ಅಂದ್ರು. ಅಂದೆ." ಹುಲ್ಲಿನ ಒಂದು ಎಸಳು ಮುರಿದರು. "ನೀನು ನೋಡ್ದ ಅಂದೆ, ನಾನು ನೋಡ್ಲಿಲ್ಲ ಅಂದೆ. ಎಲ್ಡೂ ಅರ್ಧರ್ಧ."

ಕ್ಷಮೆ ಕೇಳಲು ಹೋದವಳು ನಾನು. ಈಗ ಯಾರು ಯಾರನ್ನು ಕೇಳಬೇಕು? ಇವರನ್ನು ಜೈಲಿಗೆ ಕಳಿಸಿದ್ದು ನನ್ನ ಮಾತು. ಅಪ್ಪನ ಕಾಲು ತೆಗೆದದ್ದು ಇವರ ಮರೆವು. ಒಂದನ್ನು ಇನ್ನೊಂದರಿಂದ ಕಳೆದರೆ ಏನು ಉಳಿಯುತ್ತದೆ ಎಂದು ಯೋಚಿಸಿದಷ್ಟೂ ತಲೆ ಕೆಟ್ಟಿತು. ಜೈಲಿಂದ ಬಂದ ಮೇಲೆ ಲಾರಿ ಓಡಿಸಲಿಲ್ಲವೇ ಎಂದು ಕೇಳಿದೆ. "ಲೈಸೆನ್ಸು ವಾಪಸ್ ಬಂತಮ್ಮ. ಸ್ಟೇರಿಂಗ್ ಇಡ್ದ್ರೆ ಎಡಗಡೆ ಯಾರೋ ಅವ್ರೆ ಅಂತ್ಲೇ ಅನ್ಸೋದು. ಇಳಿದು ಇಳಿದು ನೋಡೋನು. ಅಂಗಾದ್ರೆ ಯಾರು ಇಟ್ಕೋತಾರೆ?"

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಅಪ್ಪ. "ಸಿಕ್ಕಿದ್ನಾ?" ಅಂದರು.

"ಇಲ್ಲೇ ಇದ್ದಾರೆ" ಅಂದೆ. ನಾನು ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಫೋನನ್ನು ಚೌಡಪ್ಪನವರ ಕಡೆ ಚಾಚಿದೆ. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡರು. ಕಿವಿಗೆ ಒತ್ತಿಕೊಂಡರು. ಆಮೇಲೆ ಆ ಕಡೆಯಿಂದ ಅಪ್ಪ ಏನೋ ಕೇಳಿದರು, ಈ ಕಡೆ ಇವರು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಬರುವ ತೆಲುಗಿನಲ್ಲಿ, ಎರಡು ಹಸು, ಒಂದು ಕರು ಅಂದರು. ಹುಲ್ಲಿನ ಮಾತು ಬಂತು. ಬೋರ್‌ವೆಲ್ಲಿನ ಮಾತು ಬಂತು. ಹಿಂಡಿ ಹಾಕಿದರೂ ಹಾಲು ಗಟ್ಟಿ ಬರುವುದಿಲ್ಲ ಅನ್ನುತ್ತಾ ಚೌಡಪ್ಪ ಎದ್ದು ಕೊಟ್ಟಿಗೆಯ ಆಚೆಗೆ ನಡೆದರು. ಲಾರಿ ಅನ್ನುವ ಮಾತು ಒಂದು ಸಲವೂ ನನ್ನ ಕಿವಿಗೆ ಬೀಳಲಿಲ್ಲ. ಬಂಗಾರಪೇಟೆಯ ಬಸ್ಸು ಬಂದು ಹಾರನ್ ಮಾಡಿ ಹೋಯಿತು. ಮುಂದಿನ ಬಸ್ಸು ಎಷ್ಟು ಹೊತ್ತಿಗೋ ಗೊತ್ತಿರಲಿಲ್ಲ. ಅವರಿಬ್ಬರ ಮಾತು ಮುಗಿಯಲಿ ಎಂದು ಸ್ಟೂಲಿನ ಮೇಲೆ ಕೂತೇ ಇದ್ದೆ.